ಹೆಸರು ಒಂದೇ, ಅಳತೆ ಬೇರೆ: ಇಸ್ಕೂಲಿನ ಇಂಗ್ಲಿಷ್

ನಮ್ಮ ತಮ್ಮನ ಮಗಳು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿತವಳು. ಈಗ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಆ ಭಾಷೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ರಾತ್ರಿ ಹೊತ್ತು ಸ್ಪೇನಿನವರು, ಬೆಳಗಿನ ಜಾವ ಮೆಕ್ಸಿಕೊದವರು. ಯುಗಾದಿಗೆ ಊರಿಗೆ ಬಂದಾಗಲೂ ಪಾಠ ನಿಲ್ಲಿಸಲಿಲ್ಲ. ನಾನು ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು: "ಎಸ್ಕೂಲ್ ಅಲ್ಲಪ್ಪ, ಸ್ಕೂಲ್. ಎಸ್ಟೂಡೆಂಟ್ ಅಲ್ಲ, ಸ್ಟೂಡೆಂಟ್." ಇದನ್ನು ಅವಳು ಇಂಗ್ಲಿಷಿನಲ್ಲೇ ಹೇಳುತ್ತಿದ್ದಳು, ನನ್ನ ಕಿವಿಗೆ ಹಾಗೆ ಬಿತ್ತು.

ಪಾಠ ಮುಗಿದ ಮೇಲೆ, "ಯಾವ ಊರ ಹುಡುಗನಮ್ಮ ಅದು, ನಮ್ಮ ರೊಳ್ಳ ಕಡೆಯವನಾ?" ಅಂದೆ. ಅವಳು ನಕ್ಕು, "ಇಲ್ಲ ದೊಡ್ಡಪ್ಪ, ಸ್ಪೇನಿನವನು. ಆ ಭಾಷೆಯಲ್ಲಿ ಸಕಾರಕ್ಕೆ ಒತ್ತು ಹಾಕಿ ಯಾವ ಮಾತೂ ಶುರುವಾಗಲ್ಲ. ಮುಂದೆ ಒಂದು ಎಕಾರ ಬರಲೇಬೇಕು. ಶಾಲೆಗೆ ಎಸ್ಕ್ವೆಲ ಅಂತಾರೆ, ವಿದ್ಯಾರ್ಥಿಗೆ ಎಸ್ತುದಿಯಾಂತೆ. ಅದೇ ಬಾಯಲ್ಲಿ ಇಂಗ್ಲಿಷ್ ಆಡ್ತಾರೆ" ಅಂದಳು. ನಾವು ಇಸ್ಕೂಲು, ಇಸ್ಟೇಷನ್ನು ಅಂದರೆ ಹಳ್ಳಿಗಮಾರರು ಅಂತ ನಗುವವರಿದ್ದಾರೆ. ಇಪ್ಪತ್ತು ದೇಶಗಳಲ್ಲಿ ಆಡಳಿತ ನಡೆಸುವ ಭಾಷೆಯವರೂ ನಮ್ಮ ಹಾಗೇ ಎಂದು ತಿಳಿದು ಮನಸ್ಸಿಗೆ ಸಮಾಧಾನವಾಯಿತು.

ಆಮೇಲೆ ಅವಳು ತನ್ನ ಪಾಠದ ಪಟ್ಟಿ ತೋರಿಸಿದಳು. ಶಾಲೆ, ಓದಿಗೆ ಸಂಬಂಧಪಟ್ಟ ಇಂಗ್ಲಿಷ್ ಮಾತುಗಳು, ಎದುರಿಗೆ ಸ್ಪ್ಯಾನಿಷ್. ಪೆನ್ಸಿಲ್, ಮೇಜು, ರಜೆ ಇಂಥವು ಅವಳಿಗೆ ಕಷ್ಟವೇ ಅಲ್ಲವಂತೆ. ಪೂರ್ತಿ ಬೇರೆಯಾಗಿರುವ ಮಾತನ್ನು ಮಗು ಒಂದೇ ಸಲ ಬಾಯಿಪಾಠ ಮಾಡಿಬಿಡುತ್ತದೆ. ಕಾಟ ಕೊಡುವುದು ಒಂದೇ ಥರ ಕಾಣುವ ಮಾತುಗಳು. ಸ್ಪ್ಯಾನಿಷ್ ಹುಟ್ಟಿದ್ದೇ ಲ್ಯಾಟಿನ್‌ನಿಂದ. ಇಂಗ್ಲಿಷ್ ಲ್ಯಾಟಿನ್ನಿನ ಮಗಳಲ್ಲದಿದ್ದರೂ ಓದುಬರಹದ ಮಾತುಗಳನ್ನು ಅಲ್ಲಿಂದಲೂ ಫ್ರೆಂಚಿನಿಂದಲೂ ಗಾಡಿಗಟ್ಟಲೆ ತಂದುಕೊಂಡಿದೆ. ಹೀಗಾಗಿ ಎರಡು ಮನೆಯಲ್ಲೂ ಒಂದೇ ಪಾತ್ರೆ, ಒಳಗಿರುವ ಅಡುಗೆ ಬೇರೆ. ಇಂಥ ಮಾತುಗಳಿಗೆ ಅವರು 'ಸುಳ್ಳು ಸ್ನೇಹಿತರು' ಅನ್ನುತ್ತಾರೆ.

ಕೆಲವನ್ನು ಇಲ್ಲಿ ಹೇಳುತ್ತೇನೆ. ಅವರ ಕೊಲೆಹಿಯೊ ನೋಡಲು ಕಾಲೇಜಿನಂತಿದೆ, ಆದರೆ ಅದು ಚಿಕ್ಕ ಮಕ್ಕಳ ಶಾಲೆ. ಪ್ರೊಫೆಸೊರ್ ಎಂದರೆ ದೊಡ್ಡ ಪ್ರೊಫೆಸರೇ ಆಗಬೇಕಿಲ್ಲ, ಹೈಸ್ಕೂಲು ಮೇಷ್ಟ್ರೂ ಪ್ರೊಫೆಸೊರ್. ಲಿಬ್ರೆರಿಯ ಲೈಬ್ರರಿಯಲ್ಲ, ಪುಸ್ತಕದ ಅಂಗಡಿ. ಲೈಬ್ರರಿಗೆ ಬಿಬ್ಲಿಯೊತೇಕ ಎಂಬ ಬೇರೆ ಮಾತಿದೆ. ಕಾರ್ಪೆತ ಎಂದರೆ ನೆಲಕ್ಕೆ ಹಾಸುವ ಕಾರ್ಪೆಟ್ ಅಲ್ಲ, ಕಾಗದ ಇಡುವ ಫೈಲು. ಲೆಕ್ತುರ ಎಂದರೆ ಲೆಕ್ಚರ್ ಅಲ್ಲ, ಓದುವುದು. ನೊತ ಎಂದರೆ ನೋಟ್ಸೂ ಹೌದು, ಪರೀಕ್ಷೆಯ ಅಂಕವೂ ಹೌದು. ಅಸಿಸ್ತಿರ್ ಎಂದರೆ ಸಹಾಯ ಮಾಡುವುದಕ್ಕಿಂತ ಹೆಚ್ಚಾಗಿ ಹಾಜರಾಗುವುದು. 'ನಾನು ದಿನಾ ಶಾಲೆಗೆ ಹೋಗುತ್ತೇನೆ' ಅನ್ನಬೇಕಾದ ಹುಡುಗ, ಇಂಗ್ಲಿಷಿನಲ್ಲಿ 'ನಾನು ದಿನಾ ಕಾಲೇಜಿಗೆ ಸಹಾಯ ಮಾಡುತ್ತೇನೆ' ಅಂತ ಬರೆದಿಡುತ್ತಾನೆ.

ಇದು ನಗುವ ವಿಷಯ. ನಗಲಾರದ್ದೂ ಇದೆ. ಸ್ಪೇನಿನಲ್ಲಿ ಪರೀಕ್ಷೆ ಫೇಲಾದರೆ ಸುಸ್ಪೆಂದೆರ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಸಸ್ಪೆಂಡ್ ಆದ ಹುಡುಗ ಎಂದರೆ ತಪ್ಪು ಮಾಡಿ ಶಾಲೆಯಿಂದ ಕೆಲವು ದಿನ ಹೊರಗೆ ಹಾಕಿಸಿಕೊಂಡವನು. ಲೆಕ್ಕದಲ್ಲಿ ಎರಡು ಅಂಕ ಕಡಿಮೆಯಾದ ಸಾಧು ಹುಡುಗ ಅರ್ಜಿಯಲ್ಲಿ ಹಾಗೆ ಬರೆದರೆ ಅವನ ನಡತೆಗೇ ಮಸಿ. ಇನ್ನೊಂದು ಮಾತು ಬಿಯೆನ್ ಎದುಕಾದೊ. ಎಜುಕೇಟೆಡ್ ಎಂಬಂತೆ ಕೇಳುತ್ತದೆ. ಆದರೆ ಅದರ ಅರ್ಥ ಬಹಳ ಓದಿದವನು ಅಂತಲ್ಲ. ಒಳ್ಳೆ ಸಂಸ್ಕಾರ ಕಲಿತವನು, ದೊಡ್ಡವರಿಗೆ ಮರ್ಯಾದೆ ಕೊಡುವವನು ಅಂತ. ಅಮೆರಿಕಕ್ಕೆ ಹೋಗಿ ನೆಲೆಸಿದ ತಾಯಿ ಮೇಷ್ಟರ ಹತ್ತಿರ 'ನನ್ನ ಮಗ ಎದುಕಾದೊ ಆಗಬೇಕು' ಅಂದರೆ ಅವಳು ಕೇಳುತ್ತಿರುವುದು ಗುಣ. ಮೇಷ್ಟರಿಗೆ ಕೇಳಿಸುವುದು ಅಂಕ.

ಬಾಚಿಯೆರಾತೊ ಅಂತ ಒಂದಿದೆ. ಬ್ಯಾಚುಲರ್ ಡಿಗ್ರಿ ಅನ್ನಿಸುತ್ತದೆ. ಸ್ಪೇನಿನಲ್ಲಿ ಅದು 16ರಿಂದ 18 ವಯಸ್ಸಿನವರೆಗಿನ ಎರಡು ವರ್ಷದ ಓದು, ನಮ್ಮ ಪಿಯುಸಿ ಇದ್ದಂತೆ. ಅದನ್ನು ಬ್ಯಾಚುಲರ್ ಅಂತ ಬರೆದರೆ ಇಲ್ಲದ ಡಿಗ್ರಿ ಹೇಳಿಕೊಂಡಂತಾಗುತ್ತದೆ. ಇಲ್ಲಿ ಬರೀ ಮಾತಿಗೆ ಮಾತು ಕೊಟ್ಟರೆ ಸಾಲದು, ಎಷ್ಟು ವರ್ಷ, ಯಾವ ತರಗತಿ ಎಂಬ ಲೆಕ್ಕವನ್ನೂ ಹೇಳಬೇಕು.

ರೈತನಿಗೆ ಹಿಡಿಸುವ ಮಾತುಗಳೂ ಆ ಪಟ್ಟಿಯಲ್ಲಿದ್ದವು. ಶಾಲೆಗೆ ಚಕ್ಕರ್ ಹೊಡೆಯುವುದಕ್ಕೆ ಸ್ಪೇನಿನಲ್ಲಿ 'ಹೋರಿಗರು ಮಾಡುವುದು' ಅನ್ನುತ್ತಾರೆ. ಉರು ಹೊಡೆಯುವುದಕ್ಕೆ, ಅಂದರೆ ನಮ್ಮ ಆಂಧ್ರದ ಬಟ್ಟೀ ಪಟ್ಟುವುದಕ್ಕೆ, ಅವರ ಮಾತು ಎಂಪೊಯಾರ್. ಅದರ ಮೂಲ ಅರ್ಥ ಕೋಳಿ ಮೊಟ್ಟೆಗೆ ಕಾವು ಕೊಡುವುದು! ಪರೀಕ್ಷೆಯ ಕಾಪಿ ಚೀಟಿಗೆ ಚುಲೆತ, ಹಾಗೆಂದರೆ ಮಾಂಸದ ತುಂಡು. ಇವನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಲಂಡನ್ನಿನ ಮೇಷ್ಟರಿಗೆ ಹೋರಿ, ಕೋಳಿ, ಮಾಂಸ ಕಾಣುತ್ತದೆಯೇ ಹೊರತು ಹುಡುಗನ ಕಳ್ಳಾಟ ಕಾಣುವುದಿಲ್ಲ. ಬಳಪದ ಕಥೆಯೂ ಸೊಗಸು. ಸೀಮೆಸುಣ್ಣಕ್ಕೆ ಸ್ಪೇನಿನಲ್ಲಿ ಹೇಳುವ ಮಾತು ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಹೋದದ್ದು. ಮೆಕ್ಸಿಕೊದವರು ಮಾತ್ರ ಲ್ಯಾಟಿನ್ ಕಡೆಯಿಂದ ಬಂದ ಬೇರೆ ಮಾತು ಬಳಸುತ್ತಾರೆ. ಕೊಟ್ಟವನ ಮನೆಯಲ್ಲಿ ಇಲ್ಲ, ಕೊಂಡವನ ಮನೆಯಲ್ಲಿ ಇದೆ.

ಇಷ್ಟು ಕೇಳಿದ ಮೇಲೆ ನನಗೆ ನಮ್ಮ ಗಡಿ ಕಣ್ಣ ಮುಂದೆ ಬಂತು. ಲ್ಯಾಟಿನ್ ಜಾಗದಲ್ಲಿ ಸಂಸ್ಕೃತ ಇಟ್ಟು ನೋಡಿ, ನಮ್ಮದೂ ಇದೇ ಪಾಡು. ಕನ್ನಡದಲ್ಲಿ ಶಿಕ್ಷಣ ಎಂದರೆ ವಿದ್ಯಾಭ್ಯಾಸ. ತೆಲುಗಿನಲ್ಲಿ ಶಿಕ್ಷಣ ಎಂದರೆ ಟ್ರೈನಿಂಗ್. ಹಿಂದಿಯವರಿಗೆ ಶಿಕ್ಷಾ ಎಂದರೆ ಓದು, ನಮಗೆ ಶಿಕ್ಷೆ ಎಂದರೆ ಏನೆಂದು ಹೇಳಬೇಕಿಲ್ಲ. ತೆಲುಗಿನ ಕಳಾಶಾಲ ಕಾಲೇಜು, ಕನ್ನಡದವನು ಚಿತ್ರ ಬರೆಯುವುದನ್ನು ಕಲಿಸುವ ಜಾಗ ಅಂದುಕೊಳ್ಳುತ್ತಾನೆ. ಸೆಲವು ಎಂದರೆ ತೆಲುಗಿನಲ್ಲಿ ರಜೆ, ಹೊಸೂರು ಕಡೆಯ ತಮಿಳಿನಲ್ಲಿ ಖರ್ಚು. ಎಲ್ಲಕ್ಕಿಂತ ದೊಡ್ಡದು ಬಡಿ. ನಮ್ಮ ತಾಯಿ ಶಿರಾ ಕಡೆಯಿಂದ ಮಡಕಶಿರಾ ಸೀಮೆಗೆ ಸೊಸೆಯಾಗಿ ಬಂದವರು. ತೆಲುಗು ಮೇಷ್ಟ್ರು ಮನೆ ಬಾಗಿಲಿಗೆ ಬಂದು 'ಪಿಲ್ಲವಾಣ್ಣಿ ಬಡಿಕಿ ಪಂಪಮ್ಮಾ' ಅಂದಾಗ, ಮಗನನ್ನು ಬಡಿಯೋಕೆ ಕರೀತಾವ್ರೆ ಅಂತ ನನ್ನನ್ನು ಕಣಜದ ಹಿಂದೆ ಬಚ್ಚಿಟ್ಟಿದ್ದರಂತೆ. ಬಡಿ ಎಂದರೆ ಶಾಲೆ ಅಂತ ಅವರಿಗೆ ತಿಳಿದದ್ದು ಆಮೇಲೆ.

ಈಗ ಇದರ ಮೇಲೆ ಇಂಗ್ಲಿಷ್ ಬಂದು ಕೂತಿದೆ, ಅದೂ ಎರಡು ರಾಜ್ಯದಲ್ಲಿ ಎರಡು ಥರ. ಗಡಿಯಾಚೆ ಎಸ್ಸೆಸ್ಸೆಲ್ಸಿ, ಈಚೆ ಎಸ್ಸೆಸ್ಸಿ. ಅಲ್ಲಿ ಪಿಯುಸಿ, ಇಲ್ಲಿ ಇಂಟರ್. ಅಲ್ಲಿ ಮಾರ್ಕ್ಸ್ ಕಾರ್ಡ್, ಇಲ್ಲಿ ಮಾರ್ಕ್ಸ್ ಮೆಮೊ. ಕಾನ್ವೆಂಟು ಎಂದರೆ ನಮಗೆ ಟೈ ಕಟ್ಟಿಸುವ ಶಾಲೆ, ಇಂಗ್ಲಿಷಿನವರಿಗೆ ಕ್ರೈಸ್ತ ಸನ್ಯಾಸಿನಿಯರ ಮಠ. ಪಬ್ಲಿಕ್ ಸ್ಕೂಲ್ ಎಂದರೆ ಅಮೆರಿಕದಲ್ಲಿ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ಶ್ರೀಮಂತರ ಖಾಸಗಿ ಶಾಲೆ. 'ಪಾಸ್ಡ್ ಔಟ್' ಅಂತ ನಮ್ಮ ಹುಡುಗರು ಹೆಮ್ಮೆಯಿಂದ ಬರೆಯುತ್ತಾರೆ, ಹೊರದೇಶದವನು ಓದಿದರೆ ಪಾಪ ಮೂರ್ಛೆ ಹೋಗಿದ್ದ ಅಂದುಕೊಳ್ಳುತ್ತಾನೆ.

ನನ್ನ ಮನೆಯಲ್ಲಿ ಆದದ್ದನ್ನೂ ಹೇಳಿಬಿಡುತ್ತೇನೆ. ಮಗ ಈಚೆ ಹತ್ತನೇ ಕ್ಲಾಸು ಮುಗಿಸಿ ಆಚೆ ಪಿಯುಸಿ ಸೈನ್ಸ್ ಸೇರಬೇಕೆಂದು ಹೊರಟ. ಕಾಲೇಜಿನ ಗುಮಾಸ್ತರ ಮುಂದೆ ನಿಂತು, "ಮೆಮೊ ತಂದಿದೀನಿ ಸಾರ್" ಅಂದೆ. ಅವರು ತಲೆಯೆತ್ತಿ, "ಮೆಮೊ ಯಾಕೆ ಕೊಟ್ರು? ಏನ್ ಗಲಾಟೆ ಮಾಡಿದ್ದ?" ಅಂದರು. ಅವರ ಕಡೆ ಮೆಮೊ ಎಂದರೆ ತಪ್ಪಿಗೆ ಕೊಡುವ ನೋಟೀಸು. ಅದನ್ನು ಬಿಡಿಸಿ ಹೇಳಿದ್ದಾಯಿತು. ಆಮೇಲೆ "ಮೈಗ್ರೇಷನ್ ತನ್ನಿ" ಅಂದರು. ಮೈಗ್ರೇಷನ್ ಎಂದರೆ ವಲಸೆ ಅಂತ ನನಗೆ ಗೊತ್ತಿತ್ತು. ಮಳೆ ಹೋದ ವರ್ಷ ನಮ್ಮೂರ ಅರ್ಧ ಜನ ಬೆಂಗಳೂರಿಗೆ ಹೋಗುತ್ತಾರಲ್ಲ, ಅದು. "ನಾವು ವಲಸೆ ಬಂದವರಲ್ಲ ಸಾರ್, ಊರಲ್ಲೇ ಇದೀವಿ, ಕಡ್ಲೇಕಾಯಿ ಬೆಳೀತೀವಿ" ಅಂದು ತಹಸೀಲ್ದಾರ್ ಕಚೇರಿಯಿಂದ ವಾಸಸ್ಥಳದ ಕಾಗದ ಮಾಡಿಸಿಕೊಂಡು ಹೋದೆ. ಅವರು ಕೇಳಿದ್ದು ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಹೋಗುವವರಿಗೆ ಮೊದಲಿನ ಬೋರ್ಡು ಕೊಡುವ ಸರ್ಟಿಫಿಕೇಟು. ಅದು ತಿಳಿದು, ತರಿಸಿ, ಕೊಡುವ ಹೊತ್ತಿಗೆ ಸೈನ್ಸ್ ಸೀಟು ತುಂಬಿತ್ತು. ಹುಡುಗ ಕಾಮರ್ಸ್ ಸೇರಿದ. ಈಗ ಹಿಂದೂಪುರದ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಮರ್ಯಾದೆಯಿಂದಲೇ ಇದ್ದಾನೆ. ಆದರೂ ಒಂದು ಇಂಗ್ಲಿಷ್ ಮಾತಿಗೆ ಎರಡು ಅರ್ಥ ಇದೆ ಅಂತ ಹತ್ತನೇ ಕ್ಲಾಸಿನಲ್ಲಿ ಯಾರಾದರೂ ಅವನಿಗೆ, ಇಲ್ಲವೇ ನನಗೆ, ಹೇಳಿದ್ದರೆ? ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷ್ ಬೇಕೋ ಬೇಡವೋ ಅಂತ ಎರಡೂ ಕಡೆ ಜಗಳ ಬೇಕಾದಷ್ಟು ನಡೆದಿದೆ. ಕರ್ನಾಟಕದಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲು ಶುರು ಮಾಡಿದರು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ತರಗತಿಗಳಿಗೆ ಕೈಹಾಕಿದರು. ಆಂಧ್ರ ಸರ್ಕಾರ 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮೀಡಿಯಂ ಮಾಡಲು ಆದೇಶ ಹೊರಡಿಸಿತು, 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆ ಸಮಯದಲ್ಲೇ ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು ಇರುವ ಪಠ್ಯಪುಸ್ತಕ ಬಂತು. ಒಳ್ಳೆ ಉಪಾಯವೇ. ಆದರೆ ಮನೆಯಲ್ಲಿ ಕನ್ನಡ ಆಡುವ ಮಗು ತೆಲುಗು ಶಾಲೆಗೆ ಸೇರಿದ್ದರೆ ಅದಕ್ಕೆ ಎದುರು ಪುಟವೂ ಎರಡನೇ ಭಾಷೆಯೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿಸಿದ್ದಾರೆ. ಅದು ಬರೀ ಕನ್ನಡ ಪಠ್ಯ ಹಂಚಿದರೆ ತೀರುವ ಋಣವಲ್ಲ. ಮಗು ಇಂಗ್ಲಿಷಿಗೆ ಹೋಗುವ ದಾರಿಯೂ ಅದರ ಮನೆಮಾತಿನಿಂದಲೇ ಹೊರಡಬೇಕು.

'ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಮನೆಮಾತು ತಂದರೆ ಕೆಡುತ್ತದೆ' ಅನ್ನುವವರಿದ್ದಾರೆ. ನಾಲಿಗೆ ಪಳಗಲು ಅದು ಸರಿಯಿರಬಹುದು. ಆದರೆ ಮನೆಮಾತನ್ನು ಬಾಗಿಲಾಚೆ ನಿಲ್ಲಿಸಿದರೂ ಅದು ಮಗುವಿನ ತಲೆಯೊಳಗೆ ಕೂತೇ ಇರುತ್ತದೆ. ಸ್ಪೇನಿನ ಹುಡುಗನಿಗೆ ಕಾಲೇಜ್ ಅಂದ ಕೂಡಲೇ ಅವನ ಕೊಲೆಹಿಯೊ ಕಣ್ಣಿಗೆ ಬಂದೇ ಬರುತ್ತದೆ. ಬರುವುದನ್ನು ತಡೆಯಲಾಗದು, ಎಚ್ಚರಿಸಬಹುದು.

ವ್ಯಾಪಾರದವರಿಗೆ ಇದು ಹೊಸದಲ್ಲ. ಕೆಜಿ ಲೆಕ್ಕ ಬರುವ ಮೊದಲು ನಮ್ಮ ತಂದೆಯವರು ಸಂತೆಗೆ ರಾಗಿ ಹೊತ್ತುಕೊಂಡು ಹೋದರೆ ಧಾರಣೆ ಕೇಳುವುದಕ್ಕೆ ಮುಂಚೆ 'ಯಾವ ಊರ ಸೇರು?' ಅಂತ ಕೇಳುತ್ತಿದ್ದರು. ಸೇರು ಎಲ್ಲ ಊರಲ್ಲೂ ಸೇರೇ, ಅಳತೆ ಮಾತ್ರ ಊರಿಗೊಂದು. ಕೇಳದೆ ಅಳೆದು ಕೊಟ್ಟವನು ಮನೆಗೆ ನಷ್ಟ ತರುತ್ತಿದ್ದ. ಶಾಲೆಯ ಇಂಗ್ಲಿಷ್ ಮಾತಿಗೂ ಈ ಪ್ರಶ್ನೆ ಹಾಕುವುದನ್ನು ಮಕ್ಕಳಿಗೆ ಕಲಿಸಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಮ್ಮ ಹುಡುಗಿ ತನ್ನ ಪಟ್ಟಿಯಲ್ಲಿ ಮೂರು ಸಾಲು ಹಾಕಿಕೊಂಡಿದ್ದಾಳೆ: ಇಂಗ್ಲಿಷ್ ಮಾತು, ಅದರ ನಿಜವಾದ ಅರ್ಥ, ನಿನ್ನ ಭಾಷೆಯ ಯಾವ ಮಾತಿನಂತೆ ಕಂಡು ಮೋಸ ಮಾಡುತ್ತದೆ ಎಂಬ ಎಚ್ಚರಿಕೆ. ಅಂಥದೇ ಒಂದು ಚಿಕ್ಕ ಪುಸ್ತಕ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ನಮ್ಮ ಗಡಿ ಶಾಲೆಗಳಿಗೆ ಬೇಕು. ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ಎರಡೂ ಭಾಷೆ ಬಲ್ಲ ಮೇಷ್ಟ್ರುಗಳು ನಾಲ್ಕು ಜನ ಕೂತರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ. ಅದರಲ್ಲಿ ಟಿಸಿ, ಬೋನಫೈಡ್, ಮೆಮೊ, ಮೈಗ್ರೇಷನ್ ಇವಕ್ಕೆ ಒಂದು ಪುಟ ಇರಲಿ, ಯಾವ ಕಾಗದ ಯಾರ ಹತ್ತಿರ ಸಿಗುತ್ತದೆ ಅಂತಲೂ ಬರೆಯಲಿ. ಹತ್ತನೇ ಕ್ಲಾಸು ಬಿಡುವ ದಿನ ಆ ಪುಟವನ್ನು ಮಕ್ಕಳಿಗಷ್ಟೇ ಅಲ್ಲ, ಅಪ್ಪ ಅಮ್ಮಂದಿರನ್ನೂ ಕರೆಸಿ ಓದಿ ಹೇಳಲಿ. ಗಡಿ ಅಭಿವೃದ್ಧಿಯ ಹೆಸರಲ್ಲಿ ಭವನ ಕಟ್ಟುವವರು, ಸಮ್ಮೇಳನ ನಡೆಸುವವರು ಇದರ ಅಚ್ಚಿನ ಖರ್ಚು ಹೊರಲಿ.

ಅಲ್ಲಿಯವರೆಗೆ ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ಈ ಜೂನಿನಲ್ಲಿ ನಿಮ್ಮ ಮಗನೋ ಮಗಳೋ ಗಡಿ ದಾಟಿ ಓದಲು ಹೋಗುವುದಿದ್ದರೆ, ಆ ಕಡೆಯ ಆಫೀಸಿನವರು ಇಂಗ್ಲಿಷಿನಲ್ಲಿ ಏನು ಕೇಳಿದರೂ ತಲೆಯಾಡಿಸಿ ಹಿಂದೆ ಬರಬೇಡಿ. 'ಅದು ಹೇಗಿರುತ್ತೆ ಸಾರ್, ಒಂದು ತೋರಿಸಿ' ಅಂತ ಕೇಳಿ. ನಾಚಿಕೆ ಬೇಡ. ನಾನು ಅಂದು ನಾಚಿಕೊಂಡೆ, ಸೀಟು ಹೋಯಿತು.