‘ಜೀವನಪೂರ್ತಿ’ ಎಂದರೆ ಯಾರ ಜೀವನ?

ಒಂಬತ್ತು ವರ್ಷಗಳ ಹಿಂದೆ, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ, ಎಡಮೊಣಕಾಲಿನ ನೋವು ಕ್ಲಚ್ ತುಳಿಯಲು ಬಿಡದ ಕಾರಣ ಆಟೊಮ್ಯಾಟಿಕ್ ಗೇರಿನ ಕಾರೊಂದನ್ನು ಕೊಂಡೆ. ಈಚೆಗೆ ಅದನ್ನು ಮಾರುವ ಯೋಚನೆ ಬಂತು. ಕೊಳ್ಳಲು ಮುಂದೆ ಬಂದವರು ನನ್ನ ಕಚೇರಿಯ ವಾಹನ ಚಾಲಕರಾಗಿದ್ದು, ಈಗ ಅವರೂ ನಿವೃತ್ತರಾಗಿರುವ ಹಳೆಯ ಸಹೋದ್ಯೋಗಿ. ನಿವೃತ್ತಿಯ ಹಣದಲ್ಲಿ ಉಳಿದದ್ದನ್ನು ಅದಕ್ಕೆಂದೇ ತೆಗೆದಿರಿಸಿದ್ದರು. ಜಯನಗರದ ರಸ್ತೆಗಳಲ್ಲಿ ಒಂದು ಸುತ್ತು ಓಡಿಸಿ ಬಂದು, ‘ಸಾರ್, ಒಂದರಿಂದ ಎರಡಕ್ಕೆ ಬೀಳುವಾಗ ಸಣ್ಣಗೆ ಜಗ್ಗುತ್ತೆ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕಾರಿನ ಕಡತ ತೆರೆದು ನೋಡಿದೆ. ಎಂಜಿನ್ ಆಯಿಲ್ ಪ್ರತಿವರ್ಷವೂ ಬದಲಾಗಿತ್ತು. ಗೇರ್‌ಬಾಕ್ಸ್‌ನ ಎಣ್ಣೆ ಒಮ್ಮೆಯೂ ಬದಲಾಗಿರಲಿಲ್ಲ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದಾಗ, ‘ಅದು ಲೈಫ್‌ಟೈಮ್ ಆಯಿಲ್, ಬದಲಾಯಿಸುವ ಅಗತ್ಯವೇ ಇಲ್ಲ’ ಎಂದರು. ಹಾಗಾದರೆ ಈ ಜಗ್ಗಾಟವೇಕೆ ಎಂದದ್ದಕ್ಕೆ, ಗೇರ್‌ಬಾಕ್ಸನ್ನೇ ಬದಲಾಯಿಸಬೇಕಾಗಬಹುದೆಂದು ಹೇಳಿ ಅಂದಾಜು ಪಟ್ಟಿ ಕೊಟ್ಟರು. ಆ ಮೊತ್ತ, ಕಾರಿಗೆ ನಾನು ನಿರೀಕ್ಷಿಸಿದ್ದ ಬೆಲೆಯ ಅರ್ಧವನ್ನೂ ಮೀರಿತ್ತು. ಎಣ್ಣೆಯನ್ನು ಮುಟ್ಟಬೇಕಿಲ್ಲ, ಅದನ್ನು ತುಂಬಿಕೊಂಡ ಪೆಟ್ಟಿಗೆಯನ್ನು ಮಾತ್ರ ಎಸೆಯಬೇಕು ಎಂಬ ಈ ತರ್ಕ ನನಗೆ ಅರ್ಥವಾಗಲಿಲ್ಲ.

ಎಟಿಎಫ್ ಎಂದು ಕರೆಯಲಾಗುವ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಬರಿಯ ಜಾರುಕ ಎಣ್ಣೆಯಲ್ಲ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವ ಮಾಧ್ಯಮವೇ ಅದು. ಒತ್ತಡದಿಂದ ಹರಿದು ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುವುದು, ಹಲ್ಲುಗಾಲಿಗಳ ಸವೆತ ತಡೆಯುವುದು, ಬಿಸಿಯನ್ನು ಹೊತ್ತೊಯ್ಯುವುದು ಎಲ್ಲವೂ ಅದರದೇ ಹೊಣೆ. ಹಲ್ಲುಗಾಲಿಗಳು ಜಾರಬೇಕು, ಕ್ಲಚ್ ತಟ್ಟೆಗಳು ಹಿಡಿಯಬೇಕು. ಒಂದೇ ದ್ರವ ಈ ಎರಡನ್ನೂ ಸಾಧಿಸಬೇಕು. ಆ ಹದವನ್ನು ಕಾಯುವುದು ಅದರಲ್ಲಿ ಬೆರೆಸಿದ ರಾಸಾಯನಿಕಗಳು. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಇದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ಅದರ ಆಮದಿಗೆ ನಿಷೇಧ ಬಿದ್ದ ಮೇಲೆ ಬದಲಿ ರಾಸಾಯನಿಕಗಳನ್ನು ಕಂಡುಕೊಳ್ಳಬೇಕಾಯಿತು. ಇಂತಹ ಯಾವ ಮಿಶ್ರಣವೂ ಅಕ್ಷಯವಲ್ಲ. ಬಿಸಿಗೆ ಅದು ಕ್ಷೀಣಿಸುತ್ತದೆ, ಕ್ಲಚ್ ತಟ್ಟೆಗಳ ಸವೆತದ ಪುಡಿ ಅದರಲ್ಲಿ ಸೇರುತ್ತದೆ.

ಇಲ್ಲಿ ಬೆಂಗಳೂರಿನ ಲೆಕ್ಕವೊಂದನ್ನು ಗಮನಿಸಬೇಕು. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ನಗರದ ಕೇಂದ್ರ ಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷಕ್ಕೂ ಹೆಚ್ಚು ಸಮಯ ಬೇಕಿತ್ತು; ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ವೇಗ. ಈ ವೇಗದಲ್ಲಿ 60 ಸಾವಿರ ಕಿ.ಮೀ. ಓಡಿದ ಕಾರು 3,000 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ.ನಂತೆ ಅಷ್ಟೇ ದೂರ ಓಡಿದ ಕಾರು ದುಡಿದಿರುವುದು 1,000 ಗಂಟೆ ಮಾತ್ರ. ಎರಡೂ ಕಾರುಗಳ ಮೀಟರ್ ತೋರಿಸುವುದು ಒಂದೇ ಅಂಕಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು, ತೆವಳಿ, ಮತ್ತೆ ನಿಂತ ಸಮಯ ಯಾವ ಮೀಟರಿಗೂ ಕಾಣುವುದಿಲ್ಲ. ಗೇರ್‌ಬಾಕ್ಸ್‌ನ ಎಣ್ಣೆ ಮಾತ್ರ ಅದರ ಲೆಕ್ಕ ಇಡುತ್ತದೆ.

ಮನೆಗೆ ಬಂದು ಕಾರಿನ ಕೈಪಿಡಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ‘ಸಾಮಾನ್ಯ ಬಳಕೆ’ಯ ಕೋಷ್ಟಕದಲ್ಲಿ ಈ ಎಣ್ಣೆಯ ಪ್ರಸ್ತಾಪವೇ ಇರಲಿಲ್ಲ. ಅದರ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ‘ಕಠಿಣ ಬಳಕೆ’ಯಾದರೆ 60 ಸಾವಿರ ಕಿ.ಮೀ.ಗೆ ಬದಲಾಯಿಸಿ ಎಂದಿತ್ತು. ಕಠಿಣ ಬಳಕೆಯೆಂದರೆ ಪದೇ ಪದೇ ನಿಂತು ಹೊರಡುವ ಸಂಚಾರ, ಹೆಚ್ಚಿನ ಉಷ್ಣಾಂಶ, ದೂಳು, ಚಿಕ್ಕ ಪ್ರಯಾಣಗಳು. ಇದು ಅಪವಾದದ ವಿವರಣೆಯಲ್ಲ, ನಮ್ಮ ಊರಿನ ದಿನಚರಿ! ನನ್ನ ಕಾರು ಆಗಲೇ 72 ಸಾವಿರ ಕಿ.ಮೀ. ದಾಟಿತ್ತು. ಹಲವು ಪ್ರಸಿದ್ಧ ಕಾರುಗಳಿಗೆ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಜೆಡ್‌ಎಫ್ ಸಂಸ್ಥೆ ಕೂಡ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಎಣ್ಣೆಯನ್ನು 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೊಮ್ಮೆ ಬದಲಾಯಿಸುವಂತೆ ಸಲಹೆ ನೀಡಿದೆ. ಪೆಟ್ಟಿಗೆ ತಯಾರಿಸಿದವರೇ ಬದಲಾಯಿಸಿ ಎನ್ನುವಾಗ ಮಾರುವವರು ಬೇಡವೆನ್ನುವುದು ಹೇಗೆ?

ಚಾಲಕ ಮಿತ್ರರೇ ನನ್ನನ್ನು ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿಗೆ ಕರೆದೊಯ್ದರು. ಅಲ್ಲಿನ ಹಿರಿಯ ಮೆಕ್ಯಾನಿಕ್ ನನ್ನ ದೂರನ್ನು ಕೇಳಿ, ‘ಲೈಫ್‌ಟೈಮ್ ಅಂತ ಹೇಳೋದು ಸರಿ ಸಾರ್, ಯಾರ ಲೈಫು ಅಂತ ಹೇಳಲ್ಲ’ ಎಂದರು. ತಳದ ಬೋಲ್ಟ್ ಬಿಚ್ಚಿದಾಗ ಇಳಿದದ್ದು ಸುಟ್ಟ ವಾಸನೆಯ, ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಹೊಸದು ದಾಳಿಂಬೆ ರಸದಂತೆ ಕೆಂಪಗಿತ್ತು. ಬೋಲ್ಟ್ ಬಿಚ್ಚಿದರೆ ಎಲ್ಲ ಎಣ್ಣೆಯೂ ಬರುವುದಿಲ್ಲ, ಬಹುಪಾಲು ಟಾರ್ಕ್ ಕನ್ವರ್ಟರ್ ಮತ್ತು ಒಳದಾರಿಗಳಲ್ಲೇ ಉಳಿಯುತ್ತದೆ ಎಂದು ಆಗಲೇ ನನಗೆ ತಿಳಿದದ್ದು. ಆದ್ದರಿಂದ ಕೆಲವು ನೂರು ಕಿ.ಮೀ. ಓಡಿಸಿ ಮತ್ತೆ ಎರಡು ಬಾರಿ ಬರಬೇಕಾಯಿತು. ಅವರು ಇಳಿದ ಎಣ್ಣೆಯನ್ನು ಅಳೆದರು, ತಳದ ತಟ್ಟೆಯ ಆಯಸ್ಕಾಂತಕ್ಕೆ ಮೆತ್ತಿದ ಕಬ್ಬಿಣದ ನುಣ್ಣನೆಯ ಕೆಸರನ್ನು ಒರೆಸಿದರು, ಫಿಲ್ಟರ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದರು, ಕೈಪಿಡಿಯಲ್ಲಿ ನಮೂದಾದ ದರ್ಜೆಯ ಎಣ್ಣೆಯನ್ನೇ ತರಿಸಿದರು. ಸಿವಿಟಿಗೆ ಒಂದು, ಡ್ಯುಯಲ್ ಕ್ಲಚ್‌ಗೆ ಇನ್ನೊಂದು, ಟಾರ್ಕ್ ಕನ್ವರ್ಟರ್‌ಗೆ ಮತ್ತೊಂದು; ಅದಲುಬದಲಾದರೆ ಹಾನಿಯೇ ಹೆಚ್ಚು. ಕೊನೆಗೆ ಎಂಜಿನ್ ಚಾಲನೆಯಲ್ಲಿಟ್ಟು, ಎಣ್ಣೆ ನಿಗದಿತ ಉಷ್ಣಾಂಶಕ್ಕೆ ಬಂದಾಗ ಮಟ್ಟ ಪರೀಕ್ಷಿಸಿದರು.

ಹಳೆಯ ಗೇರ್‌ಬಾಕ್ಸ್‌ಗೆ ಹೊಸ ಎಣ್ಣೆ ಹಾಕಿದರೆ ಅದು ಕೆಟ್ಟೇಹೋಗುತ್ತದೆ ಎಂಬ ಮಾತು ಕೇಳಿದ್ದೆ. ‘ಸಾಯೋ ಹೊತ್ತಿಗೆ ತರ್ತಾರೆ ಸಾರ್, ಆಮೇಲೆ ಅಪವಾದ ಎಣ್ಣೆ ಮೇಲೆ’ ಎಂದರು ಆ ಹಿರಿಯರು. ಜಗ್ಗಾಟ ಬಹುಮಟ್ಟಿಗೆ ತಗ್ಗಿತು, ಪೂರ್ತಿ ಹೋಗಲಿಲ್ಲ. ಆಗಿರುವ ಸವೆತವನ್ನು ಹೊಸ ಎಣ್ಣೆ ತುಂಬಿಕೊಡುವುದಿಲ್ಲ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಇಷ್ಟಾದರೂ ತಗುಲಿದ ಖರ್ಚು ಆ ಅಂದಾಜು ಪಟ್ಟಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಜಾರ್ಜ್ ಅಕೆರ್‌ಲಾಫ್ ನೆನಪಾಗುವುದು ಸಹಜ. ಅವರು 1970ರಲ್ಲಿ ಬರೆದ, ಮುಂದೆ 2001ರ ನೊಬೆಲ್ ಪುರಸ್ಕಾರಕ್ಕೆ ಕಾರಣವಾದ ಪ್ರಬಂಧದ ಉದಾಹರಣೆಯೇ ಹಳೆಯ ಕಾರುಗಳ ಮಾರುಕಟ್ಟೆ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಚೆನ್ನಾಗಿ ನೋಡಿಕೊಂಡ ಕಾರಿಗೂ ನೋಡಿಕೊಳ್ಳದ ಕಾರಿಗೂ ಒಂದೇ ಬೆಲೆ. ಕ್ರಮೇಣ ಒಳ್ಳೆಯವು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತವೆ. ‘ಜೀವನಪೂರ್ತಿ’ ಎಂಬ ಮಾತು ಈ ಕತ್ತಲನ್ನು ಇನ್ನಷ್ಟು ದಟ್ಟವಾಗಿಸುತ್ತದೆ. ನಿರ್ವಹಣೆ ಅಗ್ಗವೆಂದು ತಯಾರಕರು ಹೇಳಿಕೊಳ್ಳಬಹುದು, ಮೊದಲ ಮಾಲೀಕ ಕೆಲವು ಸಾವಿರ ರೂಪಾಯಿ ಉಳಿಸಬಹುದು. ವಾರಂಟಿ ಮುಗಿದ ಮೇಲೆ ಬರುವ ದೊಡ್ಡ ಬಿಲ್ಲು ಮಾತ್ರ ಎರಡನೆಯ ಮಾಲೀಕನದು. ಆತ ಸಾಮಾನ್ಯವಾಗಿ ಮೊದಲನೆಯವನಿಗಿಂತ ಕಡಿಮೆ ಅನುಕೂಲಸ್ಥ.

ಪರಿಹಾರವೇನೂ ಕಷ್ಟದ್ದಲ್ಲ. ಬಿಡಿಭಾಗ ಹಾಗೂ ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರ ವಿರುದ್ಧದ ಪ್ರಕರಣದಲ್ಲಿ ಆದೇಶಿಸಿತ್ತು. ಅದು ಮುಂದೆ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತ ಜಾಲತಾಣವನ್ನು ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಇವುಗಳ ಮುಂದುವರಿಕೆಯಾಗಿ ಮೂರು ಸಣ್ಣ ನಿಯಮಗಳು ಸಾಕು. ‘ಜೀವನಪೂರ್ತಿ’ ಎನ್ನುವವರು ಅದನ್ನು ಕಿ.ಮೀ. ಮತ್ತು ವರ್ಷಗಳಲ್ಲಿ ಹೇಳಬೇಕು. ಮಹಾನಗರದ ಬಳಕೆಯನ್ನು ಸಣ್ಣ ಅಕ್ಷರಕ್ಕೆ ತಳ್ಳದೆ ಮುಖ್ಯ ಕೋಷ್ಟಕದಲ್ಲೇ ಸೇರಿಸಬೇಕು. ಕಾರು ಕೈಬದಲಾಗುವಾಗ ಗೇರ್‌ಬಾಕ್ಸ್ ಎಣ್ಣೆಯ ದಾಖಲೆಯೂ ಕೈಬದಲಾಗಬೇಕು. ಜೊತೆಗೆ, ಇಳಿಸಿದ ಎಣ್ಣೆ ಚರಂಡಿ ಸೇರದಂತೆ ನೋಡಿಕೊಳ್ಳುವುದೂ ಮುಖ್ಯ. ಬಳಸಿದ ಎಣ್ಣೆಯ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಬಡಾವಣೆಯ ಗ್ಯಾರೇಜಿನವರೆಗೂ ತಲುಪಬೇಕು.

ಬೇರೆಯವರತ್ತ ಬೆರಳು ತೋರುವ ಮುನ್ನ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಸೇವೆಯಲ್ಲಿದ್ದಾಗ ಎಷ್ಟೋ ಆಯವ್ಯಯ ಪ್ರಸ್ತಾವಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಹೊಸ ಕಟ್ಟಡಕ್ಕೆ, ಹೊಸ ವಾಹನಕ್ಕೆ ಕೈ ತಡೆಯುತ್ತಿರಲಿಲ್ಲ. ಹಣ ಸಾಲದಾದಾಗ ಮೊದಲು ಕೆಂಪು ಗೆರೆ ಬೀಳುತ್ತಿದ್ದುದು ನಿರ್ವಹಣೆಯ ಬಾಬತ್ತಿಗೆ. ನಿರ್ವಹಣೆಗೆ ಉದ್ಘಾಟನೆ ಇಲ್ಲ, ಶಿಲಾಫಲಕವಿಲ್ಲ. ಅದನ್ನು ತಪ್ಪಿಸಿದ ಫಲ ಕಾಣುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೊಬ್ಬರು ಇರುತ್ತಾರೆ. ನನ್ನ ಕಾರಿನ ವಿಷಯದಲ್ಲೂ ಅದೇ ಆಗುವುದರಲ್ಲಿತ್ತು. ಹಿಂದಿನ ಆಸನದಲ್ಲಿ ಕೂತು ನಾನು ಕಡತ ಓದುತ್ತಿದ್ದ ವರ್ಷಗಳೆಲ್ಲ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದವರು ಪ್ರಶ್ನೆ ಕೇಳಿದ್ದರಿಂದ ತಪ್ಪಿತು.

ಕಾರನ್ನು ಕೊನೆಗೆ ಅವರಿಗೇ ಕೊಟ್ಟೆ. ಎಣ್ಣೆ ಬದಲಾವಣೆಯ ರಸೀದಿಗಳೊಂದಿಗೆ ಸರ್ವಿಸ್ ಕೇಂದ್ರದ ಆ ಅಂದಾಜು ಪಟ್ಟಿಯನ್ನೂ ಕಡತದಲ್ಲಿ ಸೇರಿಸಿದೆ. ಉಳಿದಿರುವ ಸವೆತಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸಿದೆ. ‘ಇದನ್ನೆಲ್ಲ ಯಾಕೆ ಹಾಕಿದ್ರಿ ಸಾರ್, ನಾನು ಕೇಳಿರಲಿಲ್ಲವಲ್ಲ’ ಎಂದರು. ಕೇಳದಿದ್ದರೂ ಹೇಳಬೇಕಾದ ಮಾತುಗಳು ಇರುತ್ತವೆ ಎಂದೆ. ಮುಂದಿನ ಬದಲಾವಣೆಯ ಕಿ.ಮೀ. ಎಷ್ಟೆಂದು ಕಡತದ ಮೇಲೆಯೇ ಬರೆದುಕೊಟ್ಟಿದ್ದೇನೆ.