ಬುತ್ತಿ ಹೊತ್ತ ವಿಮಾನಗಳು

ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಚಕ್ಕಡಿಗೆ ಮೊದಲು ಏರುವುವು ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯ ಗಂಟು ಮತ್ತು ಎತ್ತುಗಳ ಮೇವು. ಮನೆಮಂದಿ ಏರುವುದು ಆ ಬಳಿಕವೇ. ಬುತ್ತಿಯಿಲ್ಲದೆ ಪಯಣವಿಲ್ಲವೆಂಬ ಈ ವಿವೇಕವು ಯುದ್ಧಕ್ಕೂ ಸಲ್ಲುವುದು. ಆದರೂ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಟ್ಟೆಗಳ ಮೇಲೆ ವಾಯುಸೇನೆಯ ಪ್ರಸ್ತಾಪ ಬಂದಾಗ ಕೇಳಿಬರುವುದು ಯುದ್ಧವಿಮಾನಗಳ ಕೀರ್ತಿಯೇ. ಸಾಗಣೆ ವಿಮಾನಗಳನ್ನು ಸ್ಮರಿಸುವವರು ವಿರಳ.

1948ರ ಮೇ 24ರಂದು, ಲಡಾಖಿನ ಲೇಹ್ ಪಟ್ಟಣವು ಪಾಕಿಸ್ತಾನಿ ದಾಳಿಕೋರರ ಕೈವಶವಾಗುವ ಭೀತಿಯಿದ್ದಾಗ, ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರನ್ನು ಜೊತೆಗೆ ಕರೆದುಕೊಂಡು, ಡಕೋಟಾ ವಿಮಾನವನ್ನು ಹಿಮಶಿಖರಗಳ ನಡುವೆ ನಡೆಸಿ, 11,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿ ಆತುರದಿಂದ ಸಮಗೊಳಿಸಿದ್ದ ನೆಲದ ಮೇಲೆ ಇಳಿಸಿದರು. ಆ ಆಕಾಶಮಾರ್ಗದಿಂದಲೇ ಬಂದ ಸೈನಿಕರೂ ಮದ್ದುಗುಂಡುಗಳೂ ಲೇಹ್‌ನ ರಕ್ಷಣೆಗೆ ಒದಗಿದುವು.

ಬಾಂಗ್ಲಾ ವಿಮೋಚನೆಯ ಯುದ್ಧದಲ್ಲಿ, 1971ರ ಡಿಸೆಂಬರ್ 11ರ ಸಂಜೆ, ಅಲ್ಲಿನ ಟಾಂಗೈಲ್ ಬಯಲಿನ ಮೇಲೆ ಎಎನ್-12, ಪ್ಯಾಕೆಟ್, ಡಕೋಟಾ ವಿಮಾನಗಳು ಛತ್ರಿಸೈನಿಕರನ್ನು ಇಳಿಸಿದುವು. ಅವರು ಪೂಂಗ್ಲಿ ಸೇತುವೆಯನ್ನು ಹಿಡಿದು, ಢಾಕಾದತ್ತ ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿ ಪಡೆಯ ದಾರಿ ಕಡಿದರು. ಇಳಿದ 2 ಪ್ಯಾರಾ ದಳದ ಮೂಲವಾದರೋ, ನಮ್ಮ ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್‌ಫಂಟ್ರಿಯ ಒಂದು ಬೆಟಾಲಿಯನ್! ಐದೇ ದಿನಗಳಲ್ಲಿ ಢಾಕಾ ಶರಣಾಯಿತು.

ಇಂದಿಗೂ ಸಿಯಾಚಿನ್‌ನ ಯೋಧನು ಒಲೆ ಹೊತ್ತಿಸುವ ಸೀಮೆಎಣ್ಣೆ, ಉಣ್ಣುವ ಅನ್ನ, ತೊಡುವ ಉಣ್ಣೆ ಇವೆಲ್ಲವೂ ಆಕಾಶಮಾರ್ಗವನ್ನೇ ಬಹುಮಟ್ಟಿಗೆ ನೆಚ್ಚಿವೆ. 2016ರಲ್ಲಿ ಅಲ್ಲಿ ಹಿಮರಾಶಿಯಡಿ ಆರು ದಿನ ಸಿಲುಕಿ, ಹೊರತೆಗೆದ ಬಳಿಕ ದಿಲ್ಲಿಯಲ್ಲಿ ಅಸುನೀಗಿದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನೆವ ನಾಡಿಗೆ, ಆ ನೀರ್ಗಲ್ಲಿನ ನೆಲದ ಬಾಳು ಎಷ್ಟು ದುರ್ಭರವೆಂದು ವಿವರಿಸಬೇಕಿಲ್ಲ.

ಈ ಹೊರೆಯನ್ನು ಹೊತ್ತ ಎಎನ್-32 ವಿಮಾನಗಳು 1980ರ ದಶಕದಿಂದ ದುಡಿಯುತ್ತಿವೆ. 2016ರ ಜುಲೈಯಲ್ಲಿ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾದ ವಿಮಾನದೊಡನೆ 29 ಮಂದಿಯೂ, 2019ರ ಜೂನ್‌ನಲ್ಲಿ ಅರುಣಾಚಲದ ಬೆಟ್ಟಗಳಲ್ಲಿ ಬಿದ್ದ ಇನ್ನೊಂದರಲ್ಲಿ 13 ಮಂದಿಯೂ ಅಳಿದರು. ಕಾರಣಗಳೇನೇ ಇರಲಿ, ವಯಸ್ಸಾದ ವಾಹನದ ಮೇಲೆ ತರುಣರ ಪ್ರಾಣವನ್ನು ಏರಿಸುವಾಗ ರಾಷ್ಟ್ರವು ಎಚ್ಚರದಿಂದಿರಬೇಕು. ಹಳೆಯ ಆವ್ರೊ ಸಾಗಣೆ ವಿಮಾನಗಳಿಗೆ ಬದಲಾಗಿ ಸಿ-295 ವಿಮಾನಗಳು ಬರುತ್ತಿರುವುದು ಶುಭ. ಎಎನ್-32ರ ಸ್ಥಾನವನ್ನು ತುಂಬುವ ಕಾರ್ಯಕ್ಕೂ ವಿಳಂಬ ಸಲ್ಲದು.

ಗುಡ್ಡಕ್ಕೆ ಹೊರಡುವ ರೈತನು ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಮುನ್ನ ಚಕ್ಕಡಿಯ ಅಚ್ಚನ್ನು ಮುಟ್ಟಿನೋಡಿ, ಕೀಲೆಣ್ಣೆ ಸವರಿ, ಸವೆದ ಕೀಲನ್ನು ತೆಗೆದು ಹೊಸತನ್ನು ಹಾಕುವನು. ಆತನಿಗಿರುವಷ್ಟು ಮುಂದಾಲೋಚನೆ ದೇಶವನ್ನಾಳುವವರಿಗೂ ಇರಲಿ.