ಶಾಲೆಗೆ ದಾನಿಗಳುಂಟು, ಸಂಬಳಕ್ಕಿಲ್ಲ

ಯುನೆಸ್ಕೋ 2025ರ ಜೂನ್‌ನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಶಾಲೆಯ ಹೊರಗೆ ಉಳಿದಿರುವ ಮಕ್ಕಳು ಮತ್ತು ಹದಿಹರೆಯದವರ ಸಂಖ್ಯೆ 27.2 ಕೋಟಿ. ಇವರಲ್ಲಿ 7.8 ಕೋಟಿ ಮಂದಿ ಪ್ರಾಥಮಿಕ ಶಾಲೆಯ ವಯಸ್ಸಿನವರು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಬಡ ದೇಶಗಳದ್ದೇ ಇದರಲ್ಲಿ ದೊಡ್ಡ ಪಾಲು. ‘ಎಲ್ಲರಿಗೂ ಶಿಕ್ಷಣ’ ಎಂಬ ಘೋಷಣೆ ಹೊಸದೇನಲ್ಲ. 1990ರಲ್ಲಿ ಥಾಯ್ಲೆಂಡಿನ ಜೋಮ್ತಿಯೆನ್‌ನಲ್ಲಿ ಸೇರಿದ ದೇಶಗಳು 2000ದ ಗಡುವನ್ನು ಹಾಕಿಕೊಂಡವು. 2000ದಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ಗಡುವು 2015ಕ್ಕೆ ಸರಿಯಿತು. 2015ರಲ್ಲಿ ಅದು 2030ಕ್ಕೆ ಸರಿದಿದೆ. ಡಾಕರ್‌ನಲ್ಲಿ ಶ್ರೀಮಂತ ದೇಶಗಳು ಒಂದು ವಾಗ್ದಾನವನ್ನೂ ಮಾಡಿದ್ದವು: ಶಿಕ್ಷಣದ ಗುರಿಯನ್ನು ಮನಃಪೂರ್ವಕವಾಗಿ ಒಪ್ಪಿಕೊಂಡ ಯಾವ ದೇಶವೂ ಹಣದ ಕೊರತೆಯಿಂದ ಸೋಲಬಾರದು ಎಂದು.

ಇಷ್ಟು ವರ್ಷಗಳಲ್ಲಿ ಏನೂ ಆಗಲಿಲ್ಲ ಎನ್ನುವುದು ಸರಿಯಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2000ದಲ್ಲಿ ಸುಮಾರು 10 ಕೋಟಿಯಷ್ಟಿದ್ದ ಪ್ರಾಥಮಿಕ ವಯಸ್ಸಿನ ಶಾಲಾವಂಚಿತರ ಸಂಖ್ಯೆ 2015ರ ಹೊತ್ತಿಗೆ 6 ಕೋಟಿಯ ಒಳಗೆ ಬಂದಿತ್ತು. ಆ ಮುನ್ನಡೆ ಅನಂತರ ಏಕೆ ನಿಂತಿತು ಎಂಬುದೇ ಇಂದಿನ ಪ್ರಶ್ನೆ. ಇದಕ್ಕೆ ಯುದ್ಧ, ಬರ, ಕೋವಿಡ್, ಜನಸಂಖ್ಯೆಯ ಏರಿಕೆ ಎಂಬ ಕಾರಣಗಳಿವೆ. ಅಫ್ಗಾನಿಸ್ತಾನದಲ್ಲಿ 2021ರಿಂದ ಬಾಲಕಿಯರ ಪ್ರೌಢ ಶಿಕ್ಷಣಕ್ಕೆ ಹೇರಿದ ನಿಷೇಧವೂ ಇದೆ. ಆದರೆ ಇವುಗಳ ನಡುವೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಕಾರಣವಿದೆ. ಅದು ಲೆಕ್ಕಪತ್ರದ ಕಾರಣ.

ಮೊದಲ ಹದಿನೈದು ವರ್ಷಗಳ ಮುನ್ನಡೆ ಹೇಗೆ ಸಾಧ್ಯವಾಯಿತೆಂದು ನೋಡಬೇಕು. 1980ರ ದಶಕದ ಸಾಲದ ಬಿಕ್ಕಟ್ಟಿನ ಕಾಲದಲ್ಲಿ ಆಫ್ರಿಕಾದ ಅನೇಕ ಸರ್ಕಾರಗಳು ಪ್ರಾಥಮಿಕ ಶಾಲೆಗಳಲ್ಲೂ ಶುಲ್ಕ ವಸೂಲಿಗೆ ಇಳಿದಿದ್ದವು. ಮಲಾವಿ 1994ರಲ್ಲಿ ಅದನ್ನು ರದ್ದುಪಡಿಸಿತು. ಒಂದೇ ವರ್ಷದಲ್ಲಿ ದಾಖಲಾತಿ ಸುಮಾರು 19 ಲಕ್ಷದಿಂದ 30 ಲಕ್ಷದ ಸಮೀಪಕ್ಕೆ ಏರಿತು. ಉಗಾಂಡಾ 1997ರಲ್ಲಿ ಇದೇ ಹೆಜ್ಜೆ ಇಟ್ಟಾಗ 30 ಲಕ್ಷದಷ್ಟಿದ್ದ ಮಕ್ಕಳ ಸಂಖ್ಯೆ 50 ಲಕ್ಷ ದಾಟಿತು. ಕೆನ್ಯಾದಲ್ಲಿ 2003ರ ಜನವರಿಯಲ್ಲಿ ಶುಲ್ಕ ಹೋದಾಗ 59 ಲಕ್ಷವಿದ್ದದ್ದು 72 ಲಕ್ಷವಾಯಿತು. 2004ರಲ್ಲಿ ಕಿಮಾನಿ ಮರುಗೆ ಎಂಬ 84ರ ವೃದ್ಧರು ಸಮವಸ್ತ್ರ ತೊಟ್ಟು ಒಂದನೇ ತರಗತಿಗೆ ಸೇರಿದ್ದು ಜಗತ್ತಿನ ಗಮನ ಸೆಳೆಯಿತು. ಬಡವರಿಗೆ ವಿದ್ಯೆಯ ಬೆಲೆ ತಿಳಿಯದು ಎಂಬ ಹಳೆಯ ವಾದಕ್ಕೆ ಈ ಅಂಕಿಗಳೇ ಉತ್ತರ. ಅವರಿಗೆ ಬೆಲೆ ತಿಳಿದಿತ್ತು. ತೆರಲು ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ.

ಕಷ್ಟ ಆರಂಭವಾದದ್ದು ಮಕ್ಕಳು ಬಂದು ಕುಳಿತ ಮರುದಿನ. ಮಲಾವಿಯ ಒಂದನೇ ತರಗತಿಗಳಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳು ಸೇರಿದರು. ಮರದ ನೆರಳೇ ಕೊಠಡಿಯಾಯಿತು. ಸರ್ಕಾರ ಸುಮಾರು 20 ಸಾವಿರ ಮಂದಿ ತರಬೇತಿಯಿಲ್ಲದವರನ್ನು ಅವಸರದಲ್ಲಿ ನೇಮಿಸಿಕೊಂಡಿತು. ಕಲಿಕೆ ಸೊರಗಿತು. ಅಕ್ಷರ ಮೈಗೂಡುವ ಮುನ್ನವೇ ಎಷ್ಟೋ ಮಕ್ಕಳು ಶಾಲೆ ಬಿಟ್ಟರು. ಬಾಗಿಲು ತೆರೆಯಲು ಒಂದು ಆದೇಶ ಸಾಕು. ಒಳಗೆ ಬಂದವರಿಗೆ ಪಾಠ ಹೇಳಲು ತಿಂಗಳು ತಿಂಗಳೂ ಹಣ ಬೇಕು.

ಖಜಾನೆಯ ಕಡತಗಳನ್ನು ಕಂಡವರಿಗೆ ಬಂಡವಾಳ ವೆಚ್ಚ ಮತ್ತು ಆವರ್ತಕ ವೆಚ್ಚಗಳ ನಡುವಿನ ಅಂತರವನ್ನು ವಿವರಿಸಬೇಕಾಗಿಲ್ಲ. ಶಾಲಾ ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಅದಕ್ಕೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ದಾನಿಯ ಹೆಸರು ಕೆತ್ತಿದ ಕಲ್ಲಿದೆ. ಶಿಕ್ಷಕರ ಸಂಬಳಕ್ಕೆ ಇವು ಯಾವುವೂ ಇಲ್ಲ. ಅದು ಪ್ರತಿ ತಿಂಗಳೂ ಬರುವ, ಮೂವತ್ತು ವರ್ಷ ಮುಗಿಯದ, ಅನಂತರ ಪಿಂಚಣಿಯಾಗಿ ಮುಂದುವರಿಯುವ ಬಾಧ್ಯತೆ. ಆದರೆ ಬಡ ದೇಶಗಳ ಪ್ರಾಥಮಿಕ ಶಿಕ್ಷಣದ ಖರ್ಚಿನಲ್ಲಿ ಸಿಂಹಪಾಲು ಸಂಬಳದ್ದೇ. ವಿದೇಶಿ ನೆರವು ಬರುವುದು ಮೂರು ಅಥವಾ ಐದು ವರ್ಷಗಳ ಯೋಜನೆಯ ರೂಪದಲ್ಲಿ. ಮಗು ಓದುವುದು ಎಂಟೋ ಹತ್ತೋ ವರ್ಷ. ಶಿಕ್ಷಕ ದುಡಿಯುವುದು ಮೂರು ದಶಕ. ಈ ಮೂರು ಅವಧಿಗಳು ಪರಸ್ಪರ ಹೊಂದುವುದಿಲ್ಲ ಎಂಬುದೇ ಸಮಸ್ಯೆಯ ತಿರುಳು.

ಜಾಂಬಿಯಾದ ಅನುಭವ ಇದಕ್ಕೆ ನಿದರ್ಶನ. ಆ ದೇಶ 2002ರಲ್ಲಿ ಪ್ರಾಥಮಿಕ ಶುಲ್ಕವನ್ನು ರದ್ದುಪಡಿಸಿತು. ಸಾಲ ಮನ್ನಾಕ್ಕಾಗಿ ಕಾದು ಕುಳಿತಿದ್ದ ಅದೇ ಹೊತ್ತಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕಾರ್ಯಕ್ರಮದಂತೆ ಸರ್ಕಾರಿ ಸಂಬಳದ ಮೊತ್ತವನ್ನು ಒಟ್ಟು ದೇಶೀಯ ಉತ್ಪನ್ನದ ಶೇ 8ರ ಮಿತಿಯೊಳಗೆ ಇರಿಸಬೇಕಾಯಿತು. ಪರಿಣಾಮವಾಗಿ 2004ರಲ್ಲಿ ನೇಮಕಾತಿ ಸ್ಥಗಿತಗೊಂಡಿತು. ತರಬೇತಿ ಪಡೆದ ಸಾವಿರಾರು ಶಿಕ್ಷಕರು ಕೆಲಸವಿಲ್ಲದೆ ಮನೆಯಲ್ಲಿದ್ದರು. ಮಕ್ಕಳು ಶಿಕ್ಷಕರಿಲ್ಲದ ತರಗತಿಗಳಲ್ಲಿದ್ದರು. ಇಬ್ಬರ ನಡುವೆ ಇದ್ದದ್ದು ಲೆಕ್ಕಪತ್ರದ ಒಂದು ಗೆರೆ ಮಾತ್ರ. ಇಂಥ ಮಿತಿಗಳ ವಿರುದ್ಧ ಎದ್ದ ಟೀಕೆಯ ಬಳಿಕ, 2007ರಲ್ಲಿ ನಿಧಿಯು ಅವುಗಳನ್ನು ಅಪರೂಪಕ್ಕೆ ಮಾತ್ರ ಬಳಸುವ ನಿಲುವಿಗೆ ಬಂದಿತು.

ಅದೇ ಜಾಂಬಿಯಾ 2022ರ ಜನವರಿಯಲ್ಲಿ ಪ್ರೌಢಶಾಲೆಯ ಕೊನೆಯವರೆಗೂ ಶಿಕ್ಷಣವನ್ನು ಉಚಿತಗೊಳಿಸಿ, ಆ ಒಂದೇ ವರ್ಷದಲ್ಲಿ 30 ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ನೇಮಿಸಿಕೊಂಡಿತು. ಸರ್ಕಾರದ ಲೆಕ್ಕದಂತೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಬಂದಿದ್ದಾರೆ. ತರಗತಿಗಳು ಕಿಕ್ಕಿರಿದಿವೆ, ಡೆಸ್ಕುಗಳು ಸಾಲುತ್ತಿಲ್ಲ ಎಂಬ ದೂರುಗಳಿವೆ. ಆದರೆ ಶುಲ್ಕ ರದ್ದತಿಯ ಜೊತೆಜೊತೆಗೇ ಶಿಕ್ಷಕರನ್ನೂ ಕಳುಹಿಸಬೇಕೆಂಬ ಪಾಠವನ್ನು ಆ ದೇಶ ಕಲಿತಿದೆ. 2020ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿದ್ದ ದೇಶವೊಂದು ಈ ಧೈರ್ಯ ತೋರಿದ್ದು ಗಮನಾರ್ಹ.

ಶುಲ್ಕ ಮತ್ತು ಸಂಬಳಗಳಾಚೆಗೂ ಅಡಚಣೆಗಳಿವೆ. ಹಸಿದ ಮಗು, ಜಂತುಹುಳುವಿನಿಂದ ನಿತ್ರಾಣಗೊಂಡ ಮಗು, ಮದುವೆಯ ವಯಸ್ಸು ಬಂತೆಂದು ಬಿಡಿಸಿದ ಹುಡುಗಿ ಇವರೆಲ್ಲರೂ ಶುಲ್ಕವಿಲ್ಲದಿದ್ದರೂ ಶಾಲೆಯಿಂದ ದೂರವೇ. ಬಾಂಗ್ಲಾದೇಶ 1994ರಿಂದ ಗ್ರಾಮೀಣ ಪ್ರೌಢಶಾಲೆಗಳ ಬಾಲಕಿಯರಿಗೆ ವಿದ್ಯಾರ್ಥಿವೇತನ ನೀಡಿತು. ಶೇ 75ರ ಹಾಜರಿ ಮತ್ತು ಓದು ಮುಗಿಯುವವರೆಗೆ ಅವಿವಾಹಿತರಾಗಿರುವುದು ಅದರ ಷರತ್ತುಗಳಲ್ಲಿ ಸೇರಿದ್ದವು. 1991ರಲ್ಲಿ 11 ಲಕ್ಷದಷ್ಟಿದ್ದ ಪ್ರೌಢಶಾಲಾ ಬಾಲಕಿಯರ ಸಂಖ್ಯೆ 2005ರ ಹೊತ್ತಿಗೆ 39 ಲಕ್ಷಕ್ಕೆ ಏರಿತು. ಕೆನ್ಯಾದ ಬುಸಿಯಾ ಜಿಲ್ಲೆಯಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲು ಭಾಗದಷ್ಟು ತಗ್ಗಿತೆಂದು ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ 2004ರಲ್ಲಿ ವರದಿ ಮಾಡಿದರು. ಕ್ರೆಮರ್ 2019ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಒಬ್ಬರು. ಈ ಫಲಿತಾಂಶದ ಪ್ರಮಾಣದ ಬಗ್ಗೆ 2015ರಲ್ಲಿ ವಿದ್ವಾಂಸರ ನಡುವೆ ವಿವಾದವೂ ನಡೆದಿದೆ. ಇನ್ನು ನಮ್ಮಲ್ಲಿ ಬಿಸಿಯೂಟದ ಪರಿಣಾಮಕ್ಕೆ ವಿದೇಶಿ ಸಾಕ್ಷ್ಯ ಬೇಕಾಗಿಲ್ಲ. 2001ರ ನವೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ ನಂತರ ಕರ್ನಾಟಕದಲ್ಲಿ 2002ರಲ್ಲಿ ಹಿಂದುಳಿದ ಉತ್ತರದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹವನ್ನು ಹಳ್ಳಿಯ ಪ್ರತಿಯೊಬ್ಬರೂ ಬಲ್ಲರು.

ಇವೆಲ್ಲಕ್ಕೂ ಒಂದು ಸಮಾನ ಲಕ್ಷಣವಿದೆ. ಊಟ, ಮಾತ್ರೆ, ವಿದ್ಯಾರ್ಥಿವೇತನ ಯಾವುದೂ ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ. ಇಂದು ಉಂಡ ಮಗು ನಾಳೆಯೂ ಉಣ್ಣಬೇಕು. ಒಮ್ಮೆ ಕೊಟ್ಟು ಮುಗಿಸಬಹುದಾದ ಪಠ್ಯಪುಸ್ತಕದ ಕಥೆ ಬೇರೆಯೇ. ಅದೇ ಪಶ್ಚಿಮ ಕೆನ್ಯಾದಲ್ಲಿ ಪುಸ್ತಕಗಳನ್ನು ಪುಕ್ಕಟೆಯಾಗಿ ಹಂಚಿ ನೋಡಿದಾಗ ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಹೆಚ್ಚಿನ ಮಕ್ಕಳಿಗೆ ಅದು ಮೂರನೆಯ ಭಾಷೆ. ಮಾತೃಭಾಷಾ ಮಾಧ್ಯಮದ ಚರ್ಚೆಯನ್ನು ದಶಕಗಳಿಂದ ಕೇಳುತ್ತಿರುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಬಡ ದೇಶಗಳ ಸರ್ಕಾರಗಳಿಗೆ ಸಂಬಳದ ಹಣವನ್ನು ನೇರವಾಗಿ ಕೊಟ್ಟರೆ ಅದು ಸೋರಿಹೋಗುತ್ತದೆ ಎಂಬುದು ದಾನಿ ದೇಶಗಳ ಆಕ್ಷೇಪ. ಇದನ್ನು ತಳ್ಳಿಹಾಕಲಾಗದು. ಉಗಾಂಡಾದಲ್ಲಿ 1991ರಿಂದ 1995ರವರೆಗೆ ಕೇಂದ್ರ ಸರ್ಕಾರ ಶಾಲೆಗಳಿಗೆಂದು ಬಿಡುಗಡೆ ಮಾಡಿದ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆಗಳನ್ನು ಮುಟ್ಟಿತ್ತೆಂದು ಸಮೀಕ್ಷೆಯೊಂದು ತೋರಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತೆಂಬುದನ್ನು ಸರ್ಕಾರ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿತು. ಶಾಲೆಗಳಲ್ಲೂ ಅಂಟಿಸುವಂತೆ ಮಾಡಿತು. ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಮುಟ್ಟುವ ಪಾಲು ಶೇ 80ನ್ನು ದಾಟಿತು. ಕೆನ್ಯಾದಲ್ಲಿ 2009ರಲ್ಲಿ ಶಿಕ್ಷಣ ಸಚಿವಾಲಯದ ಅವ್ಯವಹಾರ ಬಯಲಾದಾಗ ಬ್ರಿಟನ್ ಮತ್ತು ಅಮೆರಿಕ ನೆರವನ್ನೇ ತಡೆಹಿಡಿದವು. ತಪ್ಪಿತಸ್ಥರ ಮೇಲೆ ಕ್ರಮ ಬೇಕು, ನಿಜ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡರೆ ನಷ್ಟ ಅನುಭವಿಸುವವರು ಹಣ ಕದ್ದವರಲ್ಲ, ತರಗತಿಯಲ್ಲಿ ಕುಳಿತವರು.

ಈಗ ಒದಗಿರುವ ಸಂದರ್ಭ ಇನ್ನೂ ಕಠಿಣವಾದುದು. ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಕಾರ್ಯಾಚರಣೆ 2025ರ ಜುಲೈ 1ರಂದು ಕೊನೆಗೊಂಡಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. 1970ರಲ್ಲಿ ವಿಶ್ವಸಂಸ್ಥೆ ನಿಗದಿಪಡಿಸಿದ ಗುರಿ ಶೇ 0.7 ಎಂಬುದನ್ನು ನೆನೆಯಬೇಕು. ಶಿಕ್ಷಣದ ನೆರವು 2026ರ ಹೊತ್ತಿಗೆ 320 ಕೋಟಿ ಡಾಲರ್‌ನಷ್ಟು ಕುಸಿಯಬಹುದೆಂದೂ, ಇದರಿಂದ ಇನ್ನೂ 60 ಲಕ್ಷ ಮಕ್ಕಳು ಶಾಲೆಯಿಂದ ಹೊರಬೀಳಬಹುದೆಂದೂ ಯುನಿಸೆಫ್ 2025ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತು. ಇನ್ನೊಂದೆಡೆ, ಶಿಕ್ಷಣಕ್ಕೋ ಆರೋಗ್ಯಕ್ಕೋ ಮಾಡುವ ವೆಚ್ಚಕ್ಕಿಂತ ಹೆಚ್ಚು ಹಣವನ್ನು ಬಡ್ಡಿಗೆ ತೆರುವ ದೇಶಗಳಲ್ಲಿ 340 ಕೋಟಿ ಜನ ವಾಸಿಸುತ್ತಿದ್ದಾರೆಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅದೇ ವರ್ಷ ಲೆಕ್ಕ ಹಾಕಿದೆ. ಒಂದು ಕೈಯಿಂದ ಬರುವುದು ಕಡಿಮೆಯಾಗುತ್ತಿದೆ, ಇನ್ನೊಂದು ಕೈಯಿಂದ ಹೋಗುವುದು ನಿಂತಿಲ್ಲ.

ಹಣ ಕಡಿಮೆಯಾದಾಗಲೇ ಅದನ್ನು ಎಲ್ಲಿ ಹಾಕಬೇಕೆಂಬ ವಿವೇಕ ಮುಖ್ಯವಾಗುತ್ತದೆ. ಮೂರು ಮಾತುಗಳನ್ನು ಇಲ್ಲಿ ಹೇಳಬಹುದು. ಒಂದು, ಉಳಿದಿರುವ ನೆರವು ಕಟ್ಟಡದಿಂದ ಸಂಬಳ ಮತ್ತು ಊಟದತ್ತ ತಿರುಗಬೇಕು. ಕನಿಷ್ಠ ಹತ್ತು ವರ್ಷಗಳ ಬದ್ಧತೆಯೊಂದಿಗೆ ಬರಬೇಕು. ವರ್ಷ ವರ್ಷವೂ ದಾನಿಯ ಪಾಲು ತಗ್ಗಿ ಸ್ವಂತ ತೆರಿಗೆಯ ಪಾಲು ಏರಬೇಕು. ಸರ್ವ ಶಿಕ್ಷಣ ಅಭಿಯಾನದಲ್ಲಿ ಕೇಂದ್ರದ ಪಾಲು ಆರಂಭದ ಶೇ 85ರಿಂದ ಹಂತ ಹಂತವಾಗಿ ಇಳಿದದ್ದು ಇದೇ ತತ್ವದ ಮೇಲೆ. ಆದರೆ ರಾಜ್ಯದ ಬೊಕ್ಕಸ ಸಿದ್ಧವಿರದಿದ್ದರೆ ಖಾಯಂ ಶಿಕ್ಷಕರ ಜಾಗದಲ್ಲಿ ಅತಿಥಿ ಶಿಕ್ಷಕರು ಉಳಿದುಬಿಡುತ್ತಾರೆ ಎಂಬ ಎಚ್ಚರಿಕೆಯೂ ನಮ್ಮ ಅನುಭವದಲ್ಲೇ ಇದೆ. ಎರಡು, ಸಾಲದ ಬಡ್ಡಿಯನ್ನು ಮನ್ನಾ ಮಾಡಿ ಆ ಹಣವನ್ನು ಶಾಲೆಗೇ ಮೀಸಲಿಡಬೇಕು. 1998ರಲ್ಲಿ ಸಾಲ ಪರಿಹಾರ ಪಡೆದ ಮೊದಲ ದೇಶವಾದ ಉಗಾಂಡಾ ಆ ಉಳಿತಾಯವನ್ನು ಪ್ರತ್ಯೇಕ ಬಡತನ ನಿವಾರಣಾ ನಿಧಿಗೆ ಹಾಕಿ, ಪ್ರಾಥಮಿಕ ಶಿಕ್ಷಣಕ್ಕೆ ಅದರಲ್ಲಿ ದೊಡ್ಡ ಪಾಲು ಕೊಟ್ಟಿತ್ತು. ಮೂರು, ಬಿಡುಗಡೆಯಾದ ಪ್ರತಿ ರೂಪಾಯಿಯ ಲೆಕ್ಕವೂ ಶಾಲೆಯ ಗೋಡೆಯ ಮೇಲೆ, ಊರಿನವರು ಓದಬಲ್ಲ ಭಾಷೆಯಲ್ಲಿ ಇರಬೇಕು.

ಇದರಲ್ಲಿ ಭಾರತಕ್ಕೂ ಪಾತ್ರವಿದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ-20 ಶೃಂಗಸಭೆಯಲ್ಲಿ ಆಫ್ರಿಕಾ ಒಕ್ಕೂಟಕ್ಕೆ ಸದಸ್ಯತ್ವ ದೊರಕಿಸಿದ ಹೆಮ್ಮೆ ನಮ್ಮದು. ಆಫ್ರಿಕಾದ ದೇಶಗಳಿಗೆ ಸಾಲ ಕೊಟ್ಟವರಲ್ಲಿ ನಾವೂ ಇದ್ದೇವೆ. ಮೇಜಿನ ಬಳಿ ಕುರ್ಚಿ ಕೊಡಿಸಿದವರು ಸಾಲ ಪರಿಹಾರದ ಮಾತನ್ನೂ ಅದೇ ಮೇಜಿನ ಮೇಲೆ ಇಡುವುದು ನ್ಯಾಯ. ಬಿಸಿಯೂಟದ ಆಡಳಿತ, ಶಿಕ್ಷಕರ ನೇಮಕಾತಿ, ಪಂಚಾಯಿತಿಯ ಉಸ್ತುವಾರಿ ಇವುಗಳಲ್ಲಿ ನಾವು ಗಳಿಸಿದ ಅನುಭವವನ್ನು, ಎಡವಿದ ಕಡೆಗಳನ್ನೂ ಸೇರಿಸಿ, ಹಂಚಿಕೊಳ್ಳಲು ಹೆಚ್ಚಿನ ಖರ್ಚೂ ಆಗದು.

2030ಕ್ಕೆ ಹೆಚ್ಚು ವರ್ಷಗಳು ಉಳಿದಿಲ್ಲ. ಆ ಗಡುವು ಬಂದಾಗ ಇನ್ನೊಂದು ನಗರದಲ್ಲಿ ಇನ್ನೊಂದು ಸಮ್ಮೇಳನ ಸೇರಿ, ಮತ್ತೊಂದು ಇಸವಿಯನ್ನು ನಿಗದಿಪಡಿಸುವುದು ಕಷ್ಟವೇನಲ್ಲ. ಆದರೆ ಈ ವರ್ಷ ಆರು ತುಂಬಿದ ಮಗುವಿನ ಬಾಲ್ಯಕ್ಕೆ ಗಡುವಿನ ವಿಸ್ತರಣೆ ಇಲ್ಲ. ಅದಕ್ಕೆ ಬೇಕಾಗಿರುವುದು ಮುಂದಿನ ತಿಂಗಳೂ ತರಗತಿಗೆ ಬರುವ ಒಬ್ಬ ಶಿಕ್ಷಕ, ಹಾಗೂ ಆ ಶಿಕ್ಷಕನಿಗೆ ತಿಂಗಳ ಕೊನೆಗೆ ತಪ್ಪದೆ ಸಿಗುವ ಸಂಬಳ.